ರಾಜಾರಾಮನ ಮೀನಿಲ್ಲದ ತೊಟ್ಟಿ

"ಮೀನ ಯಾರ ಬೇಕಾದ್ರೂ ಸಾಕತಾರ. ನಾ ಮೊದಲ ನೀರ ಸಾಕಾಂವ."

ಹೀಗೆಂದು ಘೋಷಿಸಿದವನು ರಾಜಾರಾಮ. ಘೋಷಿಸಿದ್ದು ಫೆಬ್ರುವರಿಯ ಒಂದು ಭಾನುವಾರ, ವಿಜಯಪುರದ ತನ್ನ ಮನೆಯ ಪಡಸಾಲೆಯಲ್ಲಿ, ಎರಡಡಿ ಉದ್ದದ ಹೊಸ ಗಾಜಿನ ತೊಟ್ಟಿಯ ಮೇಲೆ ಕೈಯಿಟ್ಟುಕೊಂಡು. ಕೇಳಿಸಿಕೊಂಡವಳು ಅವನ ಹೆಂಡತಿ ದಾನೇಶ್ವರಿ ಒಬ್ಬಳೇ. ಬಬಲೇಶ್ವರದ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಆಗಷ್ಟೇ ವಾಪಸು ಬಂದಿದ್ದಳು. ಚೀಲ ಇನ್ನೂ ಕೈಯಲ್ಲೇ ಇತ್ತು.

ರಾಜಾರಾಮ ತಿಕೋಟಾದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಬಂದ ಅರ್ಜಿಗಳಿಗೆಲ್ಲ ಆವಕ ನಂಬರು ಹಾಕುವುದು, ಸಂಜೆ ಬಸ್ಸಿನಲ್ಲಿ ಬರುವುದು. ಇಷ್ಟಕ್ಕೆಲ್ಲ ತಣಿಯುವ ಬುದ್ಧಿಯೇ ಅದು? ಆದ್ದರಿಂದ ವರ್ಷಕ್ಕೊಂದು ಮಹಾಕಾರ್ಯ ಕೈಗೆತ್ತಿಕೊಳ್ಳುತ್ತಿದ್ದ. ಆಚೆ ವರ್ಷ ಮಂಚದ ಕೆಳಗೆ ಅಣಬೆ ಬೆಳೆಯಲು ಹೊರಟ. ಅಣಬೆ ಬರಲಿಲ್ಲ, ಇರುವೆ ಬಂದವು. ಹೋದ ವರ್ಷ ಮಾಳಿಗೆಯ ಮೇಲೆ ಜೇನು ಸಾಕಿದ. ಅವು ನಾಲ್ಕೇ ದಿನಕ್ಕೆ ವಿಳಾಸ ಹೇಳದೆ ಹೊರಟುಹೋದವು. ಈ ವರ್ಷ ಮೀನು.

ಮೀನಿನ ಮೇಲೆ ದಾನೇಶ್ವರಿಗೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟು ಇದ್ದದ್ದು ಜಾಗದ ಮೇಲೆ. ಆ ಮನೆಯಲ್ಲಿ ಊಟದ ಹೊತ್ತಿನಿಂದ ಹೊತ್ತು ಮುಳುಗುವ ತನಕ ಬೆಳಕು ಬರುವುದು ಪಡಸಾಲೆಯ ಒಂದೇ ಕಿಟಕಿಯಿಂದ. ದಾನೇಶ್ವರಿ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುತ್ತಿದ್ದಳು. ಅವಳ ಮಶೀನು ಇದ್ದದ್ದು ಒಳಗಿನ ಖೋಲಿಯಲ್ಲಿ. ಅಲ್ಲಿ ಹಗಲು ಹನ್ನೆರಡಕ್ಕೂ ದೀಪ ಹಚ್ಚಬೇಕು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಸೂಜಿ ಹಿಡಿದುಕೊಂಡು ಬಾಗಿಲ ತನಕ ನಡೆದು ಬರಬೇಕು. ಮಶೀನನ್ನು ಆ ಕಿಟಕಿಯ ಕೆಳಗೆ ಇಟ್ಟುಕೊಳ್ಳಬೇಕೆಂದು ಮೂರು ವರ್ಷದಿಂದ ಹೇಳುತ್ತಿದ್ದಳು. ಮೂರು ವರ್ಷದಿಂದ ರಾಜಾರಾಮ "ನೋಡೂಣು" ಎನ್ನುತ್ತಿದ್ದ. ಈಗ ನೋಡಿದರೆ ಆ ಜಾಗದಲ್ಲಿ ಐವತ್ತು ಲೀಟರು ನೀರು ಕುಳಿತಿತ್ತು.

"ಇದನ್ನ ಇಲ್ಲಿ ಯಾಕ ಇಟ್ರಿ?" ಎಂದಳು.

"ಅಕ್ವೇರಿಯಂ ಅಂದ್ರ ಮನಿ ಮುಖ ಇದ್ದಂಗ. ಬಂದವರಿಗೆ ಮೊದಲ ಅದ ಕಾಣಬೇಕು."

"ಮೀನ ಎಲ್ಲೆದಾವ?"

"ಬರತಾವ. ನಲವತ್ತ ದಿನಕ್ಕ."

"ನಡಕೊಂತ ಬರಾಕತ್ತಾವೇನ್ರಿ?"

ರಾಜಾರಾಮ ಹೆಂಡತಿಯ ಅಜ್ಞಾನವನ್ನು ಕ್ಷಮಿಸಿ, ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆಯನ್ನು ಅರ್ಧ ತಾಸು ವಿವರಿಸಿದ. ಅವನು ಹೇಳಿದಂತೆ ಹೇಳಿದರೆ ನೀವೂ ಚೀಲ ಹಿಡಿದುಕೊಂಡು ನಿಂತಲ್ಲೇ ನಿದ್ದೆ ಮಾಡುತ್ತೀರಿ. ಆದ್ದರಿಂದ ಸರಳವಾಗಿ ಹೇಳುತ್ತೇನೆ. ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಎಂಬ ವಿಷವಾಗುತ್ತದೆ. ಆ ವಿಷವನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ, ಬೆಳೆಯಬೇಕು. ಬೆಳೆಯಲು ತಿಂಗಳ ಮೇಲೆ ಬೇಕು. ಅಲ್ಲಿಯ ತನಕ ಮೀನಿಲ್ಲದ ನೀರಿಗೇ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಸಬೇಕು. ಆಗ ಕಲ್ಲಿನ ಮೇಲೆ, ಫಿಲ್ಟರಿನ ಸ್ಪಂಜಿನ ಮೇಲೆ ಲೋಳೆಯಂತೆ ಆ ಜೀವಿಗಳು ಕೂಡಿಕೊಳ್ಳುತ್ತವೆ. ಮಾತು ಖರೇನೇ. ಬೇರೆಯವರು ತೊಟ್ಟಿ ತಂದ ದಿನವೇ ಮೀನು ಬಿಡುತ್ತಾರೆ, ನಾಲ್ಕನೇ ದಿನ ಅದೇ ಮೀನನ್ನು ಹಳೇ ಪೇಪರಿನಲ್ಲಿ ಸುತ್ತಿ ಹೊರಗೆ ಒಯ್ಯುತ್ತಾರೆ.

"ಅಂದ್ರ ನಲವತ್ತ ದಿನ ನೀವು ಇಲ್ಲದ ಮೀನಿಗೆ ಊಟ ಹಾಕಾವ್ರು," ಎಂದಳು ದಾನೇಶ್ವರಿ. "ಕೂಸು ಹುಟ್ಟೂಕಿನ್ನ ಮೊದಲ ಕುಲಾಯಿ ಹೊಲಿಸಿದ್ರಂತ."

"ನಗು. ನಲವತ್ತನೇ ದಿನ ನೋಡೀಯಂತ."

"ನೋಡೂಣು. ನಲವತ್ತನೇ ದಿನ ಸಂಜಿಗೆ ಇದರಾಗ ಜೀವಂತ ಮೀನ ಈಸಾಡಬೇಕು. ಇಲ್ಲಾಂದ್ರ ಪೆಟ್ಟಿಗಿ ಮಾಳಿಗಿಗೆ, ಮಶೀನು ಕಿಡಕಿಗೆ."

"ಈಸಾಡಿದ್ರ?"

"ಈಸಾಡಿದ್ರ ನಾ ಕಿಡಕಿ ಹೆಸರ ಎತ್ತೂದಿಲ್ಲ."

"ಎಂದೂ?"

"ಎಂದೂ," ಎಂದಳು ದಾನೇಶ್ವರಿ. ಅದನ್ನು ಹೇಳುವಾಗ ಅವಳು ನೋಡಿದ್ದು ತೊಟ್ಟಿಯನ್ನಲ್ಲ, ಅದರ ಹಿಂದಿನ ಬೆಳಕನ್ನು. ರಾಜಾರಾಮ ಆಗಲೇ ಗೆದ್ದಂತೆ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ತೊಟ್ಟಿ ಮಾರಿದವನು ಬಸ್‌ ನಿಲ್ದಾಣದ ಹಿಂದಿನ ಓಣಿಯ ಇಸಾಕ. ಇಪ್ಪತ್ತು ವರ್ಷದಿಂದ ಬಣ್ಣದ ಮೀನು ಮಾರುವವನು. ತೊಟ್ಟಿ ಒಯ್ದು ಮೀನು ಬೇಡ ಎಂದ ಗಿರಾಕಿಯನ್ನು ಅವನು ಅಲ್ಲಿಯ ತನಕ ಕಂಡಿರಲಿಲ್ಲ. "ಸಾಹೇಬ್ರ, ಮನಿಗೆ ನಾನ ಬಂದು ಕೂಡಿಸಿಕೊಡತೀನಿ, ಎಲ್ಲಿ ಇಡಬೇಕು ಹೆಂಗ ಇಡಬೇಕು ನೋಡತೀನಿ," ಎಂದಿದ್ದ. "ಬ್ಯಾಡಪಾ, ನನಗ ಎಲ್ಲಾ ಗೊತ್ತೈತಿ," ಎಂದಿದ್ದ ರಾಜಾರಾಮ. ನಲವತ್ತನೇ ದಿನ ಆರು ಕೆಂಪು ಮೀನು ತಂದುಕೊಡಬೇಕೆಂದು ಮಾತ್ರ ಹೇಳಿ ಬಂದಿದ್ದ.

ಹೀಗೆ ಶುರುವಾಯಿತು ನೀರು ಸಾಕುವ ಕೆಲಸ. ಬೆಳಿಗ್ಗೆ ಎದ್ದು ರಾಜಾರಾಮ ಮೀನಿಲ್ಲದ ತೊಟ್ಟಿಗೆ ಒಂದು ಚಿಟಿಕೆ ಆಹಾರ ಹಾಕುತ್ತಿದ್ದ. ಎರಡನೇ ವಾರಕ್ಕೆ ನೀರು ಮಬ್ಬಾಗಿ ವಾಸನೆ ಬಂತು. ದಾನೇಶ್ವರಿ ಮೂಗಿಗೆ ಸೆರಗು ಹಿಡಿದಳು. ರಾಜಾರಾಮ ಮಾತ್ರ ಮಲ್ಲಿಗೆಯ ಮುಂದೆ ನಿಂತವನ ಹಾಗೆ ಎದೆತುಂಬ ಉಸಿರೆಳೆದು, "ಶುರು ಆತು," ಎಂದ. ಬಂದವರು ತೊಟ್ಟಿಯ ಆಚೆ ಈಚೆ ಬಗ್ಗಿ ಮೀನು ಹುಡುಕುವವರು. ಕಲ್ಲಿನ ಹಿಂದೆ ಅಡಗಿರಬೇಕೆಂದು ಹತ್ತು ನಿಮಿಷ ಕಾದು ಕುಳಿತವರೂ ಇದ್ದರು.

ಇದಕ್ಕಿಂತ ಮುಖ್ಯವಾದ ವಿಧಿ ಇನ್ನೊಂದಿತ್ತು. ದಿನಾ ಬೆಳಿಗ್ಗೆ ತೊಟ್ಟಿಯ ನೀರನ್ನು ಸಣ್ಣ ಗಾಜಿನ ನಳಿಕೆಯಲ್ಲಿ ತೆಗೆದು, ಅದಕ್ಕೆ ಔಷಧದ ಹನಿ ಹಾಕಿ, ಕಿಟಕಿಗೆ ಹಿಡಿದು ಬಣ್ಣ ನೋಡಬೇಕು. ಹಸಿರಾದರೆ ವಿಷ ಇನ್ನೂ ಇದೆ. ಹಳದಿಯಾದರೆ ವಿಷ ಹೋಯಿತು. ಮೂರು ವಾರ ಹಸಿರೇ ಬಂತು. ನಾಲ್ಕನೇ ವಾರದ ಕೊನೆಗೆ ಹಸಿರು ತಿಳಿಯಾಗುತ್ತ ಬಂದು, ಒಂದು ದಿನ ಬಂಗಾರದಂಥ ಹಳದಿ ಬಂದೇಬಿಟ್ಟಿತು. ರಾಜಾರಾಮ ನಳಿಕೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಐದು ನಿಮಿಷ ಹಾಗೇ ನಿಂತ.

ಕಿಟಕಿಯ ಆಚೆ ಇದ್ದವಳು ಎದುರು ಮನೆಯ ಬಾನುಬಿ. ಅವಳ ಗಂಡನಿಗೆ ಸಕ್ಕರೆ ಕಾಯಿಲೆಯಾಗಿ ಬಹಳ ವರ್ಷವಾಗಿತ್ತು, ನಳಿಕೆಯಲ್ಲಿ ಮೂತ್ರ ಪರೀಕ್ಷೆ ಮಾಡುವುದನ್ನು ಅವಳು ಕಂಡವಳು. ಬೆಳಗಿನ ಹೊತ್ತು, ಗಾಜಿನ ನಳಿಕೆ, ಒಳಗೆ ಹಳದಿ ನೀರು, ಹಿಡಿದವನ ಗಂಭೀರ ಮುಖ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ಮಾರನೇ ದಿನವೂ ಅದೇ ಕಂಡಳು, ಅದರ ಮಾರನೇ ದಿನವೂ ಕಂಡಳು. ಅಕ್ಕಪಕ್ಕದವರ ನೋವನ್ನು ಮುಖದ ಮೇಲೆ ಕೇಳಬಾರದು ಎಂಬುದು ಬಾನುಬಿಯ ದೊಡ್ಡ ಗುಣ. ದಾನೇಶ್ವರಿಯನ್ನು ಕೇಳಲಿಲ್ಲ. ದಾನೇಶ್ವರಿಯ ತಾಯಿ ಪರಸವ್ವನಿಗೆ ಘೋಣಸಗಿಗೆ ಫೋನು ಹಚ್ಚಿದಳು.

ಮೂವತ್ತೆರಡನೇ ದಿನ ಸಂಜೆ ರಾಜಾರಾಮ ಕಚೇರಿಯಿಂದ ಬಂದಾಗ ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಒಂದು ಗಂಟು ರೊಟ್ಟಿ, ಒಂದು ಚೀಲ ಹಾಗಲಕಾಯಿ.

"ಅತ್ತೀ, ಯಾವಾಗ ಬಂದ್ರಿ?"

"ಮಧ್ಯಾಹ್ನ ಬಂದ್ನಿರಿ, ಅಳಿಯಾರ. ಸುಮ್ಮ ನಿಮ್ಮನ್ನ ನೋಡಿದಂಗ ಆಗತೈತಿ ಅಂತ," ಎಂದು ಪರಸವ್ವ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ, ಸಣ್ಣಗೆ ನಿಟ್ಟುಸಿರು ಬಿಟ್ಟಳು. "ಸೊರಗೀರಿ."

ಅಳಿಯ ತಾನಾಗಿ ಹೇಳುವ ತನಕ ಜಡ್ಡಿನ ಮಾತು ಕೇಳಬಾರದು ಎಂದು ಅವಳೂ ಬಾಯಿ ಹೊಲಿದುಕೊಂಡಿದ್ದಳು. ಮರುದಿನದಿಂದ ಅಡುಗೆಯೆಲ್ಲ ಅವಳ ಕೈಗೆ ಹೋಯಿತು. ಚಹಾಕ್ಕೆ ಸಕ್ಕರೆ ಇರಲಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಹಾಗಲಕಾಯಿ, ರಾತ್ರಿಯ ಊಟಕ್ಕೂ ಹಾಗಲಕಾಯಿ. ಸಕ್ಕರೆ ಮುಗಿದಿರಬೇಕೆಂದು ರಾಜಾರಾಮ ಸುಮ್ಮನಿದ್ದ. ಅತ್ತೆಯ ಎದುರು ಕೇಳಿದರೆ ಮನೆಯಲ್ಲಿ ಸಾಮಾನು ತರುವುದಿಲ್ಲ ಎಂದುಕೊಂಡಾಳು. ಅವನ ಲಕ್ಷ್ಯವೆಲ್ಲ ನಳಿಕೆಯ ಮೇಲೆ ಇತ್ತು. ಸತತ ಐದು ದಿನ ಹಳದಿ. ಇನ್ನೊಂದು ವಾರ ಹೀಗೇ ಬಂದರೆ ಕಿಟಕಿ ಜನ್ಮಕ್ಕೆಲ್ಲ ತನ್ನದು.

ಪರಸವ್ವ ಆ ಎರಡು ದಿನದಲ್ಲಿ ಮನೆಯನ್ನೆಲ್ಲ ಪರೀಕ್ಷಿಸಿದಳು. ಜಡ್ಡಿನ ಮೂಲ ಸಿಗಲು ತಡವಾಗಲಿಲ್ಲ. ಗಾಜಿನ ಪೆಟ್ಟಿಗೆ, ತಿಂಗಳ ಮೇಲಿನ ನಿಂತ ನೀರು, ವಾಸನೆ, ಕಲ್ಲಿನ ಮೇಲೆ ಲೋಳೆ. ಅದರ ಎದುರಿಗೇ ಕುಳಿತು ಅಳಿಯ ದಿನಾ ಚಹಾ ಕುಡಿಯುತ್ತಾನೆ. ಇಷ್ಟಾದ ಮೇಲೆ ಜಡ್ಡು ಬರದೆ ಇನ್ನೇನು ಬರುತ್ತದೆ?

ಮೂವತ್ನಾಲ್ಕನೇ ದಿನ ಶುಕ್ರವಾರ. ಅಂದು ಓಣಿಗೆ ನಳದ ನೀರು ಬರುವ ದಿನ.

ನೀರಿನ ದಿನವೆಂದರೆ ಗೊತ್ತಲ್ಲ. ಆ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು, ಅದೂ ಎರಡು ತಾಸು. ನೀರು ಬರುವುದಕ್ಕೆ ಮುಂಚೆ ಮನೆಯಲ್ಲಿರುವ ಕೊಡ, ಹಂಡೆ, ಡ್ರಮ್ಮು, ಬಕೆಟ್ಟು ಎಲ್ಲದರ ಹಳೇ ನೀರು ಹೊರಗೆ ಹೋಗಬೇಕು. ಎಲ್ಲ ತಿಕ್ಕಿ ತೊಳೆದು ಬೋರಲು ಹಾಕಬೇಕು. ನಳ ಬುಸ್ಸೆಂದ ಕೂಡಲೇ ಹೊಸ ನೀರು ತುಂಬಬೇಕು. ಹಳೇ ನೀರಿನ ಮೇಲೆ ಹೊಸ ನೀರು ಸುರಿದವಳನ್ನು ಆ ಓಣಿಯಲ್ಲಿ ಯಾರೂ ಹೆಂಗಸೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾನೇಶ್ವರಿ ಪೈಪು ಹಿಡಿದು ಮಾಳಿಗೆಯ ಟಾಕಿ ತುಂಬಲು ಹೋದಳು. "ಯವ್ವಾ, ಒಳಗಿನ ಭಾಂಡೆ ನೀ ನೋಡಕೋಬೇ," ಎಂದು ಹೇಳಿ ಹೋದಳು. ಪರಸವ್ವ ಒಳಗಿನ ಭಾಂಡೆಗಳನ್ನು ನೋಡಿಕೊಂಡಳು. ಒಂದನ್ನೂ ಬಿಡಲಿಲ್ಲ.

ಸಂಜೆ ರಾಜಾರಾಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಕಣ್ಣಿಗೆ ಹೊಳಪು ಹೊಡೆಯಿತು. ತೊಟ್ಟಿಯ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ತಳದ ಕಲ್ಲುಗಳು ಈಗಷ್ಟೇ ಅಂಗಡಿಯಿಂದ ಬಂದ ಹಾಗಿದ್ದವು. ಗಾಜಿನಲ್ಲಿ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು, ಬಾಯಿ ತೆರೆದಿತ್ತು.

"ಹೆಂಗ ಆಗೇತ್ರಿ, ಅಳಿಯಾರ?" ಎಂದಳು ಪರಸವ್ವ. "ಗಾಜಿಗೆ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕೀನಿ. ಕಲ್ಲ ಸೋಡಾದಾಗ ನೆನಿ ಹಾಕಿ ತೊಳದೀನಿ. ಆ ಸ್ಪಂಜಿನ್ಯಾಗ ಏನ ಹೊಲಸಿತ್ರಿ ಯಪ್ಪಾ. ಮೂರ ಸಲ ನೀರಾಗ ಕುದಿಸಿ, ಮಾಳಿಗಿ ಮ್ಯಾಲ ಬಿಸಲಿಗೆ ಹಾಕೀನಿ. ಈಗ ಒಂದ ಹುಳಾ ಇರಂಗಿಲ್ಲ."

ರಾಜಾರಾಮ ಬಗ್ಗಿ ತೊಟ್ಟಿಯೊಳಗೆ ನೋಡಿದ. ಒಂದು ಹುಳವೂ ಇಲ್ಲ. ಮೂವತ್ನಾಲ್ಕು ದಿನ ತುತ್ತು ಹಾಕಿ ಸಾಕಿದ ಕೋಟ್ಯಂತರ ಜೀವಿಗಳು ಕುದಿದು, ಒಣಗಿ, ಮಾಳಿಗೆಯ ಮೇಲೆ ಹೆಣವಾಗಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಕೇಳಿದ್ದ; ತನ್ನ ತೊಟ್ಟಿಯಲ್ಲೇ ಕಿವುಚಿದ್ದನ್ನು ಇವತ್ತು ಕಂಡ. ಉಳಿದದ್ದು ಆರು ದಿನ. ಆಗ ಅವನ ತಲೆಗೆ ಒಂದು ಕೆಟ್ಟ ವಿಚಾರ ಬಂತು, ಬಂದದ್ದು ಬಾಯಿಂದ ಹೊರಗೂ ಬಂತು.

"ನೀನ ಮಾಡಿಸಿದಿ," ಎಂದ, ಮಾಳಿಗೆಯಿಂದ ಪೈಪು ಸುತ್ತಿಕೊಂಡು ಇಳಿದುಬಂದ ದಾನೇಶ್ವರಿಗೆ. "ಪಂತ ಗೆಲ್ಲಾಕ ನಿಮ್ಮವ್ವನ್ನ ಕರಿಸಿ ಮಾಡಿಸಿದಿ."

ದಾನೇಶ್ವರಿ ಕೈಯಲ್ಲಿದ್ದ ಪೈಪು ಕೆಳಗಿಟ್ಟಳು. "ನಾ ಮೂರ ವರ್ಷ ಈ ಕಿಡಕಿಗೆ ಕಾದೀನಿ," ಎಂದಳು, ದನಿ ಎತ್ತರಿಸದೆ. "ಕಾಯೂದಂದ್ರ ಏನಂತ ನನಗ ಗೊತ್ತಿಲ್ಲೇನು? ಮೂವತ್ನಾಕ ದಿನದಾಗ ನೀರ ಎಷ್ಟ ಸಲ ಬಂತು? ಒಂದ ಸಲರೇ ನಿಮ್ಮ ಪೆಟ್ಟಿಗಿ ಮುಟ್ಟೀನೇನು? ಹಿಂಗ ಕಸಗೊಂಡ ಕಿಡಕಿ ನನಗ ಬ್ಯಾಡ."

ರಾಜಾರಾಮನಿಗೆ ನಾಚಿಕೆಯಾಯಿತು. ಆಡಿದ ಮಾತು ವಾಪಸು ತೆಗೆದುಕೊಳ್ಳಬೇಕೆನಿಸಿತು, ಆದರೆ ಅದು ಹೇಗೆಂದು ಮೊಬೈಲಿನಲ್ಲಿ ಯಾರೂ ಕಲಿಸಿರಲಿಲ್ಲ.

ಪರಸವ್ವ ನಡುವೆ ಬಂದಳು. "ಅಳಿಯಾರ, ಸಕ್ರಿ ಜಡ್ಡಿನವರು ಹಿಂಗ ಸಿಟ್ಟ ಮಾಡಬಾರದು."

"ಯಾರಿಗೆ ಸಕ್ರಿ ಜಡ್ಡು?" ಎಂದರು ಗಂಡ ಹೆಂಡತಿ ಇಬ್ಬರೂ.

ಆಮೇಲೆ ಬಾನುಬಿಯ ಫೋನು, ಹಳದಿ ನಳಿಕೆ, ಹಾಗಲಕಾಯಿ ಎಲ್ಲ ಒಂದೊಂದಾಗಿ ಹೊರಬಂದವು. ದಾನೇಶ್ವರಿಗೆ ಸಿಟ್ಟಿನ ನಡುವೆಯೇ ನಗು ಬಂದು ಅಡುಗೆಮನೆಗೆ ಹೋದಳು. ಎರಡು ದಿನಗಳ ಮೇಲೆ ಸಕ್ಕರೆ ಹಾಕಿದ ಚಹಾ ಬಂತು. ರಾಜಾರಾಮ ಅದನ್ನು ಕುಡಿಯುತ್ತಲೇ ಇಸಾಕನಿಗೆ ಫೋನು ಮಾಡಿದ. ಹಳೇ ತೊಟ್ಟಿಯ ಹೊಲಸು ಸ್ಪಂಜು ಒಂದು ಸಿಕ್ಕರೆ ಅದರ ಬ್ಯಾಕ್ಟೀರಿಯಾ ಇಲ್ಲಿ ಬೇಗ ಹರಡುತ್ತವೆ, ಐದಾರು ದಿನದಲ್ಲಿ ಕೆಲಸವಾದೀತು.

"ಹೊಲಸ ಸ್ಪಂಜು?" ಎಂದ ಇಸಾಕ. "ಸಾಹೇಬ್ರ, ಇವತ್ತ ನೀರ ಬಂದಿತ್ತಲ್ರಿ. ಅಂಗಡ್ಯಾನ ತೊಟ್ಟಿ ಸ್ಪಂಜು ಎಲ್ಲಾ ತೊಳದ ಇಟ್ಟೀನಿ. ನಿಮಗ ಹೊಲಸ ಬೇಕಂದ್ರ ಎಂಟ ದಿನ ಬಿಟ್ಟ ಬರ್ರಿ."

ರಾಜಾರಾಮ ಫೋನು ಇಟ್ಟ. ಊರಿಗೆ ಊರೇ ತೊಳೆದು ಕುಳಿತಿತ್ತು. ಅತ್ತೆಯ ಕಡೆ ತಿರುಗಿ, ಆಕೆಗೂ ಇದರ ಗಂಭೀರತೆ ತಿಳಿಯಲೆಂದು, ಸೂಕ್ಷ್ಮಜೀವಿ, ಸಮತೋಲನ, ಪರಿಸರ ಎಂದು ಮತ್ತೆ ಪಾಠ ಶುರು ಮಾಡಿದ. ಪರಸವ್ವ ಕಣ್ಣು ಪಿಳುಕಿಸದೆ ಕೇಳಿದಳು. ಏನೂ ತಿಳಿಯಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಯವ್ವಾ," ಎಂದಳು ದಾನೇಶ್ವರಿ ಒಳಗಿನಿಂದ, "ಪಾಚಿ ತಿಕ್ಕಿ ತೊಳದ್ರ ಮೀನ ಸಾಯ್ತಾವಂತ. ಅಷ್ಟ ಅವರು ಹೇಳಾಕತ್ತಿದ್ದು."

"ಅದ ನನಗ ಗೊತ್ತಿಲ್ಲೇನ?" ಎಂದಳು ಪರಸವ್ವ.

ರಾಜಾರಾಮನ ಕೈಯಲ್ಲಿ ಚಹಾದ ಬಶಿ ಅರ್ಧಕ್ಕೇ ನಿಂತಿತು. "ಏನ ಗೊತ್ತೈತ್ರಿ, ಅತ್ತೀ?"

"ನಮ್ಮ ಎಮ್ಮಿಗೆ ನೀರ ಕುಡಸೂ ಕಲ್ಲಿನ ಬಾನಿ ಐತಲ್ರಿ. ಸೊಳ್ಳಿ ಆಗಬಾರದಂತ ದವಾಖಾನಿಯವರು ಅದರಾಗ ಸಣ್ಣ ಮೀನ ಬಿಟ್ಟ ನಾಕ ವರ್ಷ ಆತು. ಮೊದಲ ಸಲ ನಾನೂ ಬಾನಿ ತಿಕ್ಕಿ ತೊಳದಿದ್ನಿ. ನಾಕ ದಿನದಾಗ ಎಲ್ಲಾ ಸತ್ತ ಮ್ಯಾಲ ತೇಲಿದ್ವು. ಮತ್ತ ಕೇಳಿ ಬಿಡಿಸಿಕೊಂಡ್ನಿ. ಅಲ್ಲಿಂದ ಆ ಪಾಚಿಗೆ ಯಾರಿಗೂ ಕೈ ಹಚ್ಚಗೊಟ್ಟಿಲ್ಲ. ಅರ್ಧ ನೀರ ತಗದ ಅರ್ಧ ಹಾಕತೀನಿ. ಈಗ ನೋಡ್ರಿ, ಬಾನಿ ತುಂಬ ಮೀನ ಅದಾವ."

ಮೊಬೈಲಿನಲ್ಲಿ ಮೂರು ತಿಂಗಳು ನೋಡಿ ಕಲಿತ ಶಾಸ್ತ್ರವೆಲ್ಲ ಇಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ರಾಜಾರಾಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಇಷ್ಟ ಗೊತ್ತಿದ್ದೂ ಇದನ್ಯಾಕ ತೊಳದ್ರಿ, ಅತ್ತೀ?"

"ಇದರಾಗ ಮೀನ ಎಲ್ಲಿದ್ವರಿ?" ಎಂದಳು ಪರಸವ್ವ. "ಜೀವ ಇದ್ದ ನೀರ ಯಾರೂ ಚೆಲ್ಲಂಗಿಲ್ಲ. ಬರೇ ನೀರ ಇತ್ತು, ಚೆಲ್ಲಿದ್ನಿ. ಮೀನ ಬಿಡಾಂವ ಅದೀನಿ ಅಂತ ಒಂದ ಮಾತ ಹೇಳಿದ್ರ ಮುಟ್ಟತಿದ್ನೇನು?"

ಬಂದವರಿಗೆಲ್ಲ ಅರ್ಧರ್ಧ ತಾಸು ಪಾಠ ಹೇಳಿದವನು ಮನೆಗೆ ಬಂದ ಅತ್ತೆಗೆ ಒಂದು ಸರಳ ಮಾತು ಹೇಳಿರಲಿಲ್ಲ. ತಿಳಿಯುವುದಿಲ್ಲ ಎಂದುಕೊಂಡಿದ್ದ.

ಮರುದಿನ ನಾಲ್ಕನೇ ಶನಿವಾರ, ಕಚೇರಿಗೆ ರಜೆ. ಪಂತದಲ್ಲಿ ಎದುರಾಳಿಯಾದ ದಾನೇಶ್ವರಿಯೇ ಹಾಲಿನ ಕ್ಯಾನು ತೊಳೆದು ಕೈಗೆ ಕೊಟ್ಟಳು. "ನಾನೂ ಬರತೀನಿ. ನೀವು ಸೋತ್ರ ಸರಿಯಾಗಿ ಸೋಲ್ರಿ, ನಮ್ಮವ್ವನ ಕೈಯಿಂದ ಸೋತ್ನಿ ಅಂತ ಆಗಬಾರದು," ಎಂದಳು. ಮೂವರೂ ತಿಕೋಟಾ ದಾಟಿ ಘೋಣಸಗಿಗೆ ಹೋದರು.

ಪರಸವ್ವನ ಮನೆಯ ಹಿಂದೆ, ಬೇವಿನ ಗಿಡದ ದಟ್ಟ ನೆರಳಿನಲ್ಲಿ ಆ ಬಾನಿ ಇತ್ತು. ಒಳಗೆಲ್ಲ ಹಸಿರು ಪಾಚಿ, ಅದರ ನಡುವೆ ಬೆರಳುದ್ದದ ಮೀನುಗಳು ಹಿಂಡು ಹಿಂಡಾಗಿ ತಿರುಗುತ್ತಿದ್ದವು. ಫಿಲ್ಟರಿಲ್ಲ, ಔಷಧವಿಲ್ಲ, ಹಳದಿ ನಳಿಕೆಯಿಲ್ಲ. ರಾಜಾರಾಮ ಮೊಳಕಾಲೂರಿ ಕುಳಿತು, ತೋಳು ಮೇಲೇರಿಸಿ, ತಳದಿಂದ ಲೋಳೆ ಹಿಡಿದ ಹತ್ತು ಕಲ್ಲು ತೆಗೆದ. ಕುದಿಸಿದ ಸ್ಪಂಜನ್ನೂ ಪಾಚಿಯಲ್ಲಿ ಚೆನ್ನಾಗಿ ಹೊರಳಾಡಿಸಿದ. ಎಮ್ಮೆ ಪಕ್ಕದಲ್ಲೇ ನಿಂತು, ತನ್ನ ನೀರಿನಲ್ಲಿ ಈ ಸರಕಾರಿ ನೌಕರನಿಗೇನು ಕೆಲಸ ಎಂದು ನೋಡುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಯಾನು ಅವನ ತೊಡೆಯ ಮೇಲಿತ್ತು. "ಎಮ್ಮಿ ಹಾಲೇನ್ರಿ?" ಎಂದ ಪಕ್ಕದವನು.

"ಅಲ್ಲ. ಪಾಚಿ."

ಪಕ್ಕದವನು ಮುಂದಿನ ನಿಲ್ದಾಣದಲ್ಲಿ ಬೇರೆ ಸೀಟಿಗೆ ಹೋದ.

ಆಮೇಲಿನ ಐದು ದಿನ ರಾಜಾರಾಮ ಯಾರಿಗೂ ಪಾಠ ಹೇಳಲಿಲ್ಲ. ನೀರಿನ ಕ್ಲೋರಿನ್ನು ಹೋಗಲೆಂದು ಒಂದು ರಾತ್ರಿ ಬಿಟ್ಟು, ಕಲ್ಲು ಹಾಕಿ, ಫಿಲ್ಟರು ನಡೆಸಿ, ಚಿಟಿಕೆ ಆಹಾರ ಹಾಕಿದ. ಮೂವತ್ತೆಂಟನೇ ದಿನ ಹಸಿರು. ಮೂವತ್ತೊಂಬತ್ತಕ್ಕೆ ತಿಳಿ ಹಸಿರು. ನಲವತ್ತನೇ ದಿನ ಬೆಳಿಗ್ಗೆ ನಳಿಕೆಯನ್ನು ಬೆಳಕಿಗೆ ಹಿಡಿದ. ಹಳದಿ. ಎದುರು ಮನೆಯಿಂದ ಬಾನುಬಿ, "ಕಮ್ಮಿ ಆಗೇತೇನ್ರಿ?" ಎಂದಳು. "ಪೂರಾ ಹೋಗೇತಿ," ಎಂದ ರಾಜಾರಾಮ. ಅಂದು ಅರ್ಧ ದಿನ ರಜೆ ಹಾಕಿದ.

ಮಧ್ಯಾಹ್ನ ನಾಲ್ಕಕ್ಕೆ ಇಸಾಕ ಆರು ಕೆಂಪು ಮೀನುಗಳ ಚೀಲ ಹಿಡಿದು ಬಂದ. ಆ ಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ದಾನೇಶ್ವರಿ ಬಾಗಿಲಲ್ಲಿ ನಿಂತಿದ್ದಳು; ಅವಳ ಮುಖದಲ್ಲಿ ಸೋತವರ ಕಳೆ ಆಗಲೇ ಬಂದಿತ್ತು. ಈ ಸಮಾರಂಭ ನೋಡಲೆಂದೇ ಮತ್ತೆ ಬಂದಿದ್ದ ಪರಸವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮಾರ್ಚಿನ ಬಿಸಿಲು ಕಿಟಕಿಯಿಂದ ಸೀದಾ ತೊಟ್ಟಿಯ ಮೇಲೆ ಬಿದ್ದು ನೀರೆಲ್ಲ ಝಗಝಗಿಸುತ್ತಿತ್ತು.

ಇಸಾಕ ಚೀಲ ಬಿಚ್ಚಲಿಲ್ಲ. ನೀರಿನಲ್ಲಿ ಮೊಳಕೈ ತನಕ ಕೈ ಅದ್ದಿ, ತೆಗೆದು, ಲುಂಗಿಗೆ ಒರೆಸಿಕೊಂಡ.

"ಸಾಹೇಬ್ರ, ಇದು ಜಳಕದ ನೀರ ಕಾದಂಗ ಕಾದೈತಿ. ಇದನ್ನ ಬಿಸಲಿಗೆ ಯಾಕ ಇಟ್ಟೀರಿ?"

"ಬೆಳಕ ಬೀಳಲಿ ಅಂತ."

"ಮೀನಿಗೆ ಬೆಳಕ ಯಾಕ್ರಿ? ಅವೇನ ಪೇಪರ ಓದತಾವ? ಇನ್ನ ಏಪ್ರಿಲ್‌ ಬರಲಿ, ಇದರಾಗ ಮೀನ ಇರಂಗಿಲ್ಲ, ಸಾರ ಇರತೈತಿ." ಇಸಾಕ ಕಿಟಕಿಯ ಕಡೆ ಕೈ ಮಾಡಿದ. "ಇಂಥಾ ಬೆಳಕಿನ್ಯಾಗ ಕುಂತ ಸೂಜಿ ಪೋಣಸಬೇಕ್ರಿ. ಮೀನ ಇಡಬಾರದು."

ಪಂತದ ಸುದ್ದಿ ಇಸಾಕನಿಗೆ ಯಾರೂ ಹೇಳಿರಲಿಲ್ಲ. ರಾಜಾರಾಮ ದಾನೇಶ್ವರಿಯ ಕಡೆ ನೋಡಿದ. ಅವಳು ಸೀರೆಯ ಅಂಚನ್ನು ನೋಡುತ್ತಿದ್ದಳು. ತೊಟ್ಟಿಯನ್ನು ಬಿಸಿಲಿಗೆ ಇಡಬಾರದು ಎಂಬ ಮಾತು ಅವನು ನೋಡಿದ ಪ್ರತಿ ವಿಡಿಯೋದ ಮೊದಲಲ್ಲೇ ಇತ್ತಂತೆ. ಮೊದಲ ಎರಡು ನಿಮಿಷ ಬರೇ ಪೀಠಿಕೆ ಎಂದು ಅವನು ಯಾವಾಗಲೂ ಮುಂದೆ ಓಡಿಸಿಬಿಡುತ್ತಿದ್ದ.

"ಒಳಗ ತಂಪಿರೂ ಕತ್ತಲ ಖೋಲಿ ಒಂದ ಇಲ್ಲೇನ್ರಿ?" ಎಂದ ಇಸಾಕ.

"ಐತಿ," ಎಂದಳು ದಾನೇಶ್ವರಿ. "ಅದರ ಕತ್ತಲಿ ನನಗ ಚಲೋ ಗೊತ್ತೈತಿ."

ಆಮೇಲೆ ನಡೆದದ್ದನ್ನು ಉದ್ದ ಮಾಡುವುದಿಲ್ಲ. ನೀರನ್ನು ಬಕೆಟ್ಟುಗಳಿಗೆ ತುಂಬಿದರು. ಪರಸವ್ವ ಕಲ್ಲು ಮತ್ತು ಸ್ಪಂಜು ಹಾಕಿದ ಬಕೆಟ್ಟಿನ ಮುಂದೆ ಕಾಲು ಚಾಚಿ ಕುಳಿತು, "ಯಾರೂ ಕೈ ಹಚ್ಚಬ್ಯಾಡ್ರಿ, ಜೀವ ಅದಾವ," ಎಂದು ಕಾವಲು ಕಾದಳು. ಮಶೀನು ಹೊರಗೆ ಬಂತು, ತೊಟ್ಟಿ ಒಳಗೆ ಹೋಯಿತು. ಬಿಸಿ ಆರುವ ತನಕ ಕಾದು, ಹೊತ್ತು ಮುಳುಗಲು ಅರ್ಧ ತಾಸು ಇರುವಾಗ ಇಸಾಕ ಚೀಲ ಬಿಚ್ಚಿದ. ಆರು ಕೆಂಪು ಮೀನುಗಳು ಘೋಣಸಗಿಯ ಕಲ್ಲುಗಳ ನಡುವೆ ಒಂದು ಸುತ್ತು ಹಾಕಿ, ಇದೇ ತಮ್ಮ ಮನೆ ಎನ್ನುವಂತೆ ಈಸಾಡತೊಡಗಿದವು.

ನಲವತ್ತನೇ ದಿನ, ಸಂಜೆ, ಜೀವಂತ ಮೀನು. ಮಾತಿಗೆ ಮಾತು ಸರಿಯಾಗಿತ್ತು. ರಾಜಾರಾಮ ಎದೆ ಉಬ್ಬಿಸಿ ಪಡಸಾಲೆಗೆ ಬಂದ. ದಾನೇಶ್ವರಿ ಮಶೀನಿನ ಮುಂದೆ ಕುಳಿತು, ಕಪ್ಪು ಜಂಪರು ತೊಡೆಯ ಮೇಲೆ ಹರಡಿಕೊಂಡು, ಕಪ್ಪು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯನ್ನು ಕಣ್ಣ ಮುಂದೆ ಹಿಡಿದಿದ್ದಳು. ಅವನು ಹೋಗಿ ಅವಳ ಎದುರಿಗೆ, ಕಿಟಕಿಗೆ ಬೆನ್ನು ಕೊಟ್ಟು ನಿಂತ.

"ಪಂತ ಯಾರ ಗೆದ್ರು?" ಎಂದ.

"ನೀವ ಗೆದ್ರಿ," ಎಂದಳು ದಾನೇಶ್ವರಿ, ಸೂಜಿಯಿಂದ ಕಣ್ಣು ತೆಗೆಯದೆ. "ಒಂದೀಟ ಅತ್ತಾಗ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ರಾಜಾರಾಮ ಸರಿದು ನಿಂತ.